ಇತರೆ ಗುಂಪು

ತೊಂಬತ್ತೇಳು, ಹಸಿರು, ಒಂದಿಷ್ಟೂ ಅಲುಗದ ತೊಂಬತ್ತೇಳು, ಎಷ್ಟು ಹೊತ್ತಿನಿಂದ ಹೀಗೇ ಇದೆ — ಕಿತ್ತಳೆ ಸುಲಿಯುತ್ತಿದ್ದ ಸಿಂಧೂರ ಕೈ ನಿಲ್ಲಿಸಿ ಅಪ್ಪನ ತಲೆಯ ಮೇಲಿನ ಪರದೆ ನೋಡಿದಳು, ರಕ್ತದ ಆಕ್ಸಿಜನ್ ತೋರಿಸುವ ಅಂಕಿ, ಅವಳ ನೋಯ್ಡಾ ಆಫೀಸಿನದೇ ಸಾಫ್ಟ್‌ವೇರ್, ಕರೋಲ್ ಬಾಗ್‌ನ ಈ ಪುಟ್ಟ ನರ್ಸಿಂಗ್ ಹೋಮಿನಲ್ಲೂ, ಬೆಳಿಗ್ಗೆ ಕಂಡಾಗ ಹೆಮ್ಮೆಯೇ ಆಗಿತ್ತು, ಅಪ್ಪಾ, ಯೇ ಹಮಾರಾ ಹೈ, ನಮ್ಮದೇ ಇದು, ಇದರ ಸೆಟ್ಟಿಂಗ್ಸ್ ಎಲ್ಲಾ ನಾನೇ ಜೋಡಿಸಿದ್ದು. ಆಪರೇಷನ್ನಿನ ಮಂಪರಿನಲ್ಲೂ ಅಪ್ಪ ದಕ್ಷಿಣಾಮೂರ್ತಿ ನಕ್ಕಿದ್ದರು — ಜೋಡಿಸಿದ್ದೇನೋ ನಿಜ, ಮಹಾ ಅಚ್ಚುಕಟ್ಟಿನ ಹುಡುಗಿ, ನಾನೂರು ಆಯ್ಕೆಗಳು ರಾಶಿ ಬಿದ್ದಿದ್ದವು, ಒಂದೊಂದಕ್ಕೂ ಟ್ಯಾಗ್ ಹಚ್ಚಿ, ಬಣ್ಣದವು ಒಂದು ಗುಂಪು, ಭಾಷೆಯವು ಒಂದು ಗುಂಪು, ಎಚ್ಚರಿಕೆಯ ಗಂಟೆಗಳು ಒಂದು ಗುಂಪು, ಎಲ್ಲೂ ಸೇರದವು ಇತರೆ. ಇತರೆ ಎನ್ನುವುದು ಅಪ್ಪನದೇ ಪಾಠ, ಕೇಂದ್ರ ಸರ್ಕಾರದ ಸಚಿವಾಲಯದಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಅವಳ ಶಾಲೆಯ ಕಾಗದ ಜೋಡಿಸಿಕೊಡುತ್ತ ಹೇಳುತ್ತಿದ್ದರು, ಯಾವುದು ಅಂತ ಗೊತ್ತಾಗದಿದ್ರೆ ತಲೆ ಕೆಡಿಸ್ಕೋಬೇಡ ಪುಟ್ಟಿ, ಇತರೆ ಫೈಲಿಗೆ ಹಾಕು, ಅದನ್ನ ಯಾರೂ ಕೇಳಲ್ಲ. ಮ್ಯಾನೇಜರ್ ಹೃಷಿಕೇಶ್ ಮಾತ್ರ ಕೇಳಿದ್ದ, ಇತರೆಯಲ್ಲೇನಿದೆ, ಏನಿಲ್ಲ ಸರ್, ಚಿಲ್ಲರೆ, ಅಚ್ಛಾ, ಹಾಗಾದ್ರೆ ಆ ಗುಂಪನ್ನೇ ಆಫ್ ಮಾಡಿ, ಮೆನು ಹಗುರಾಗುತ್ತೆ — ಒಂದು ಬಟನ್ ಒತ್ತಿದಳು, ಹೋದ ಶುಕ್ರವಾರ, ಬದಲಾವಣೆ ಎಲ್ಲಾ ಆಸ್ಪತ್ರೆಗಳಿಗೂ ಹೋಯಿತು.

ಚಿಲ್ಲರೆಯೇ? ಒಂದು ಆಯ್ಕೆ ಇತ್ತಲ್ಲ, ಆಕ್ಸಿಜನ್ ಅಳೆಯುವ ಬೆರಳಿನ ಕ್ಲಿಪ್ ಕಳಚಿದರೆ ಅಂಕಿ ಅಳಿಸಿ ಗಂಟೆ ಬಾರಿಸು, ಉಪಕರಣದ ಗುಂಪೋ ಗಂಟೆಯ ಗುಂಪೋ ಎಂದು ಸಂಜೆಯವರೆಗೆ ಒದ್ದಾಡಿ, ಥೂ, ಹಾಳಾಗ್ಲಿ, ಇತರೆ — ದೇವರೇ, ಹೊದಿಕೆ ಸರಿಸಿದಳು, ಅಪ್ಪನ ಬೆರಳು ಬರಿದು, ಕ್ಲಿಪ್ ದಿಂಬಿನ ಬಳಿ ಬಿದ್ದಿದೆ, ಪರದೆಯಲ್ಲಿ ಇನ್ನೂ ಆ ಹಳೆಯ ತೊಂಬತ್ತೇಳೇ, ಅಪ್ಪಾ, ಅಪ್ಪಾ! ಕೂಗ್ಬೇಡ್ವೇ, ಕೇಳ್ಸುತ್ತೆ, ಎಂದರು ಅವರು ಕಣ್ಣು ತೆರೆಯದೆ, ಅದು ಬೆರಳು ಹಿಂಡ್ತಾ ಇತ್ತು, ನಾನೇ ತೆಗೆದಿಟ್ಟೆ. ಬದುಕಿದೆಯಾ ಬಡಜೀವವೇ, ಕ್ಲಿಪ್ ಮತ್ತೆ ಬೆರಳಿಗೆ ಸಿಕ್ಕಿಸಿದಳು, ಹೃಷಿಕೇಶ್‌ಗೆ ಫೋನ್ ಮಾಡಬೇಕು, ಸಿಸ್ಟರನ್ನು ಕರೆಯಬೇಕು, ಏನೆಂದು ಹೇಳುವುದು, ಗಂಟೆ ನಿಲ್ಲಿಸಿದವಳು ನಾನೇ ಎಂದೇ, ಮಾಡಿದ್ದುಣ್ಣೋ ಮಹಾರಾಯ — ಹಸಿರು ಅಂಕಿ ನೋಡಿಕೊಂಡೇ ಅಲ್ಲವೇ ಸಿಸ್ಟರ್ ನೆಮ್ಮದಿಯಾಗಿ ಊಟಕ್ಕೆ ಹೋದದ್ದು, ತಾಯಿಯ ಪರದೆಯಲ್ಲೂ ಅಂಥದೇ ಹಸಿರು ನೋಡಿ ಅಲ್ಲವೇ ಪಕ್ಕದ ಹಾಸಿಗೆಯ ಮುದುಕಿ ಅಮ್ಮಾಜಿಯ ಮಗ, ಬೇಟಾ, ಜರಾ ದೇಖ್‌ನಾ, ಮಾ ಸೋ ರಹೀ ಹೈ, ಅಮ್ಮ ಮಲಗಿದ್ದಾರೆ ಸ್ವಲ್ಪ ನೋಡ್ಕೋ ಎಂದು ಔಷಧಿ ತರಲು ಕೆಳಗಿಳಿದದ್ದು, ಮುಕ್ಕಾಲು ಗಂಟೆಯಾಯಿತು, ಅಮ್ಮಾಜಿ ಆಗ ಹೇಗೆ ಮಲಗಿದ್ದರೋ ಹಾಗೇ ಇದ್ದಾರೆ, ಬಾಯಿ ಅರೆತೆರೆದಿದೆ, ಅಮ್ಮಾಜಿ, ಸುನಿಯೇ, ಅಮ್ಮಾಜಿ, ಹಿಡಿದ ಕೈ ತಣ್ಣಗಿದೆ, ಮಂಚದಂಚಿಗೆ ಕ್ಲಿಪ್ ನೇತಾಡುತ್ತಿದೆ, ಮೇಲೆ ಅವರ ಪರದೆಯಲ್ಲಿ ತೊಂಬತ್ತೆಂಟು, ಹಸಿರು, ತೊಂಬತ್ತೆಂಟು, ತೊಂಬತ್ತೆಂಟು