ತಂತಿಬೇಲಿಯ ಅಡಿಯ ಕೊಳವೆ

ಮಾರ್ಚ್ ತಿಂಗಳ ಕೊನೆ, ಬೆಳಗಿನ ಹತ್ತು ಗಂಟೆ. ಹಿಮ ಕರಗಿತ್ತು, ಹೊಸ ಹುಲ್ಲು ಇನ್ನೂ ಚಿಗುರಿರಲಿಲ್ಲ. ಅಂಥ ಹೊತ್ತಿನಲ್ಲಿ ಬರ್ಚ್ ಮರದ ತೋಪಿನ ತರಗೆಲೆಗೆ ಬೆಂಕಿ ಹತ್ತಿ ಟೊನ್ಚ್ಕಳ ಕೊಟ್ಟಿಗೆಯ ತನಕ ಬಂತು. ಅಲ್ಲಿಂದ ಕೊಲ್ಪಾ ನದಿ ಇನ್ನೂರು ಹೆಜ್ಜೆ. ನಡುವೆ, ಗಡಿ ದಾಟಿ ಬರುವವರನ್ನು ತಡೆಯಲು ಸರ್ಕಾರ ಹಾಕಿದ ಬ್ಲೇಡು ತಂತಿಯ ಬೇಲಿ. ಅದರ ಗೇಟಿನ ಬೀಗದ ಕೈ ಹದಿನಾಲ್ಕು ಕಿಲೋಮೀಟರು ದೂರದ ಪೊಲೀಸು ಠಾಣೆಯಲ್ಲಿ.

ಊರಿನ ಬೆಂಕಿ ಆರಿಸುವ ಸ್ವಯಂಸೇವಕರ ಸಂಘಕ್ಕೆ ಲೋಯ್ಜೆ ನಲವತ್ತೊಂದು ವರ್ಷದಿಂದ ಮುಖ್ಯಸ್ಥ. ನದಿಯೇ ಗಡಿ, ಆಚೆ ದಡ ಕ್ರೊಯೇಷಿಯಾ. ಅಲ್ಲಿನ ಅಂಥದೇ ಸಂಘದ ಮಿಯೊ ಹೊಗೆ ಕಂಡವನೇ ದೋಣಿಯಲ್ಲಿ ಪಂಪು ಹೇರಿಕೊಂಡು ಈಚೆ ದಡಕ್ಕೆ ಬಂದು, ಬಟ್ಟೆಯ ಕೊಳವೆಯನ್ನು ಬೇಲಿಯ ಮೇಲಿಂದ ಎಸೆದ. ಗೋಡೆಯೋ ಪೊದೆಯೋ ಅಡ್ಡ ಬಂದರೆ ಹಾಗೆ ಎಸೆಯುವುದು ಇವರಿಗೆ ಕೈರೂಢಿ. ನೀರು ನುಗ್ಗಿ ಕೊಳವೆ ಉಬ್ಬಿದ್ದೇ ತಡ, ಬ್ಲೇಡುಗಳು ಅದನ್ನು ಹನ್ನೆರಡು ಕಡೆ ಸೀಳಿದವು. ಹುಲ್ಲೆಲ್ಲ ತೊಯ್ದಿತು, ಕೊಟ್ಟಿಗೆ ಸುಟ್ಟುಹೋಯಿತು.

“ಈ ಸಲ ಕೊಟ್ಟಿಗೆ ಹೋಯ್ತು. ಮುಂದಿನ ಸಲ ಮನೆ,” ಎಂದಳು ಟೊನ್ಚ್ಕ. ಸಂಘದ ಪಂಪು ನಡೆಸುವವಳು ಅವಳೇ.

“ಮೇಲಿಂದ ಬೇಡಮ್ಮ. ಅಡಿಯಿಂದ ತರೋಣ,” ಎಂದ ಲೋಯ್ಜೆ.

ಏಪ್ರಿಲ್‌ನ ಒಂದು ಭಾನುವಾರ, ಪ್ರಾರ್ಥನೆ ಮುಗಿಸಿ, ಎಲ್ಲರೂ ಸಮವಸ್ತ್ರ ತೊಟ್ಟು ಹಗಲಲ್ಲೇ ಬೇಲಿಯ ಅಡಿ ಅಗೆದರು. ಆಚೆಯವರು ನದಿಯ ಬದಿಯಿಂದ, ಈಚೆಯವರು ಊರಿನ ಬದಿಯಿಂದ. ಕಬ್ಬಿಣದ ಕೊಳವೆ ಹೂತು ಎರಡು ತುದಿಗೂ ಬಟ್ಟೆಯ ಕೊಳವೆ ಸಿಕ್ಕಿಸುವ ಜೋಡಣೆ ಹಾಕಿದರು. ಮಿಯೊ ಪಂಪು ಶುರು ಮಾಡಿದ. ಸುಟ್ಟ ಕೊಟ್ಟಿಗೆಯ ಬೂದಿಯ ಮೇಲೆ ನೀರು ಸುರಿಯಿತು.

ಜೀಪು ಬಂತು. ಇಳಿದ ಪೊಲೀಸಿನವನಿಗೆ ಮೂವತ್ತೂ ದಾಟಿರಲಿಲ್ಲ.

“ಯಾರನ್ನ ಕೇಳಿ ಅಗೆದ್ರಿ ತಾತ?”

“ಮೂರು ವರ್ಷ ಬೀಗದ ಕೈ ಕೇಳಿದ್ವಿ ಸಾಹೇಬ್ರೆ. ನೀವು ಕೊಡ್ಲಿಲ್ಲ, ನಾವು ಕೇಳೋದು ಬಿಟ್ವಿ,” ಎಂದ ಲೋಯ್ಜೆ.

“ಗಡಿ ಇದು!”

ಬೇಲಿಯ ಆಚೆಯಿಂದ ಮಿಯೊ ಕೂಗಿದ. “ನಮ್ಮವರ ಕಾಲು ಒಂದೂ ಬೇಲಿ ದಾಟಿಲ್ಲ ಸಾರ್, ಎಣಿಸಿಕೊಳ್ಳಿ! ದಾಟಿದ್ದು ಬರೀ ನೀರು. ಅದರ ಪಾಸ್‌ಪೋರ್ಟ್ ಬೇಕಿದ್ರೆ ಮೀನುಗಳನ್ನ ಕೇಳಿ.”

ಪೊಲೀಸಿನವನು ಬರೆದುಕೊಂಡು ಹೋದ. ಮೇ ತಿಂಗಳು ಹುಟ್ಟುತ್ತಲೇ ಮೇಲಿನವರ ಕಾಗದ ಬಂತು: ಲೋಯ್ಜೆ ಹದಿನೈದು ದಿನದಲ್ಲಿ ಕೊಳವೆ ಕೀಳಿಸಬೇಕು, ಇಲ್ಲವೇ ಮುಖ್ಯಸ್ಥನ ಜಾಗ ಬಿಡಬೇಕು.

ಲೋಯ್ಜೆ ಅದನ್ನು ಎರಡು ಸಲ ಓದಿದ. ಮುಖ್ಯಸ್ಥನಾಗಿಯೇ ಸತ್ತವನಿಗೆ ಎರಡೂ ದಡದ ಸಂಘದವರು ಹೆಗಲು ಕೊಡುತ್ತಾರೆ, ಶವಪೆಟ್ಟಿಗೆಯ ಮೇಲೆ ಅವನ ಟೋಪಿ ಇಡುತ್ತಾರೆ, ಸೈರನ್ ಮೊಳಗಿಸುತ್ತಾರೆ. ಅವನ ಅಪ್ಪನಿಗೆ ಅದೆಲ್ಲ ಸಿಕ್ಕಿತ್ತು. ಅಪ್ಪನ ಪಕ್ಕ ಹಾಗೇ ಹೋಗಿ ಮಲಗಬೇಕೆಂಬುದು ಬಿಟ್ಟರೆ ಅರವತ್ತೇಳನೆಯ ವಯಸ್ಸಿನಲ್ಲಿ ಅವನಿಗೆ ಬೇರೆ ಆಸೆಯಿರಲಿಲ್ಲ.

ಸಂಘದ ಸಭೆಯಲ್ಲಿ ಎದ್ದು ನಿಂತ. “ಕೊಳವೆ ಇರ್ಲಿ. ನಾನು ಹೋಗ್ತೀನಿ.”

“ಏನಣ್ಣ ನೀನು!” ಟೊನ್ಚ್ಕ ದಡಕ್ಕನೆ ಎದ್ದಳು. “ನಿಮ್ಮಪ್ಪನ ಜಾಗ ಅದು.”

“ನಮ್ಮಪ್ಪನ ಕಾಲದಲ್ಲಿ ಈ ತಂತಿ ಇರ್ಲಿಲ್ಲಮ್ಮ. ಕೈ ಎತ್ತಿ ಎಲ್ರೂ, ನನ್ನ ಜಾಗಕ್ಕೆ ಈ ಟೊನ್ಚ್ಕ.”

ಮೂವತ್ತೆರಡು ಕೈ ಮೇಲೆದ್ದವು. ಟೊನ್ಚ್ಕ ಕಣ್ಣೊರೆಸಿಕೊಂಡು ಮೇಜು ಗುದ್ದಿದಳು.

“ನಂಗೂ ಕಾಗದ ಬರ್ಲಿ. ನಾನಾದ ಮೇಲೆ ಇನ್ನೊಬ್ರು, ಅವರಾದ ಮೇಲೆ ಮತ್ತೊಬ್ರು. ಬರೆಯೋವ್ರ ಕೈ ಸೋತು ಬೀಳ್ಬೇಕು, ಕೊಳವೆ ಅಲ್ಲಾಡಬಾರ್ದು.”

ಕೊಳವೆ ಇಂದಿಗೂ ಅಲ್ಲೇ ಇದೆ. ನಲವತ್ತೊಂದು ವರ್ಷ ಕೂತ ಕುರ್ಚಿಯಿಂದ ಎದ್ದು ಲೋಯ್ಜೆ ಸಂಘದ ಮನೆಯ ಮೆಟ್ಟಿಲಿಳಿದು ಹೋದದ್ದು ಮೇ ತಿಂಗಳ ಎರಡನೆಯ ಶನಿವಾರ.