ಅವಾಲಿಯಲ್ಲಿ ಜುಲೈ ನಾಲ್ಕು

ತೊಂಬತ್ತಾರರ ಹೊತ್ತಿಗೆ ಕೊಲ್ಲಿ ನಾಡಿನ ಅವಾಲಿಯ ತೈಲ ಕಾಲೊನಿಯಲ್ಲಿ ಅಮೆರಿಕನ್ನರ ಮನೆಗಳು ಬೆರಳೆಣಿಕೆಯಷ್ಟು ಉಳಿದಿದ್ದವು. ಅವರಲ್ಲಿ ಹಿರಿಯರು ಎಂಜಿನಿಯರ್ ವೆಂಡೆಲ್. ತಮ್ಮ ದೇಶದ ಸ್ವಾತಂತ್ರ್ಯದ ದಿನವಾದ ಜುಲೈ ನಾಲ್ಕರಂದು ಅವರು ಪ್ರತಿವರ್ಷ ಬಿಸಿಲೇರುವ ಮೊದಲೇ ಮರಳು ಮೈದಾನದಲ್ಲಿ ಬೇಸ್‌ಬಾಲ್ ಆಡಿಸುತ್ತಿದ್ದರು. ಆಟದ ನಡುವೆ ಹಾಡುತ್ತಿದ್ದವರು ಅವರ ಹೆಂಡತಿ ಡೋರಿಸ್. ಆ ಫೆಬ್ರವರಿಯಲ್ಲಿ ಡೋರಿಸ್ ತೀರಿಕೊಂಡಿದ್ದರು.

ಕಾಯಿಲೆಯಲ್ಲಿ ಅವರನ್ನು ನೋಡಿಕೊಂಡವಳು ಪಕ್ಕದ ಮನೆಯ ನರ್ಸ್ ಲಿಲಿಯನ್, ನಮ್ಮ ಕರಾವಳಿಯ ಶಿರ್ವದ ಕಡೆಯವಳು.

"ಈ ಸಲ ಆಟ ಇಲ್ಲ ಲಿಲಿಯನ್. ಒಂದು ತಂಡಕ್ಕೂ ಜನ ಸಾಲುವುದಿಲ್ಲ," ಎಂದರು ವೆಂಡೆಲ್, ಬೇಲಿಯಾಚೆ ನಿಂತು.

"ನಮ್ಮ ಚರ್ಚಿನ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ ಬೇಕು ಸರ್. ಈ ಮರಳಲ್ಲಿ ತೆನೆ ಎಲ್ಲಿಂದ? ಊರಿಂದ ಬರುವವರ ಪೆಟ್ಟಿಗೆಯಲ್ಲಿ ನಾಲ್ಕು ಒಣ ಕಾಳು ಬಂದರೆ ಅದನ್ನೇ ಪಾಯಸಕ್ಕೆ ಹಾಕ್ತೇವೆ. ಹಬ್ಬ ಮಾತ್ರ ಬಿಟ್ಟಿಲ್ಲ."

ವೆಂಡೆಲ್ ಒಳಗೆ ಹೋದರು. ಲಿಲಿಯನ್‌ಗೆ ಸಮಾಧಾನವಾಗಲಿಲ್ಲ. ಗಂಡ ರಾಬರ್ಟನ ಬೆನ್ನು ಹತ್ತಿದಳು.

"ನಾವು ಕ್ರಿಕೆಟಿನವರು ಮಾರಾಯ್ತಿ, ಆ ಉರುಟು ದೊಣ್ಣೆಯಲ್ಲಿ ಎಂತ ಆಡುದು?"

"ನೀವು ಜನ ಸೇರಿಸಿ. ಅವರು ಕಲಿಸ್ತಾರೆ."

ಜುಲೈ ನಾಲ್ಕು ಗುರುವಾರ, ಅಲ್ಲಿನ ವಾರದ ರಜೆಯ ದಿನ. ಸೂರ್ಯ ಮೂಡುವಾಗ ಉಮ್ ಅಲ್ ಹಸ್ಸಮ್ ಬಡಾವಣೆಯ ಕ್ರಿಕೆಟ್ ಗೆಳೆಯರು, ರಾಬರ್ಟನ ಆಫೀಸಿನ, ಆ ನಾಡಿನವನೇ ಆದ ಅಬ್ದುಲ್ ಅಜೀಜ್, ಅವನ ತಮ್ಮಂದಿರು ಎಲ್ಲರೂ ವೆಂಡೆಲ್ ಬಾಗಿಲಲ್ಲಿ ನಿಂತಿದ್ದರು. ಬಾಗಿಲು ತೆರೆದವರು ಒಬ್ಬೊಬ್ಬರನ್ನೇ ನೋಡಿದರು. ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದರು.

ರಾಬರ್ಟ್ ಮೊದಲ ಚೆಂಡನ್ನೇ ಬಾರಿಸಿ, ಅಭ್ಯಾಸಬಲದಿಂದ ಬ್ಯಾಟ್ ಹಿಡಿದುಕೊಂಡೇ ಓಡಿದ.

"ಬ್ಯಾಟ್ ಬಿಡು! ಬಿಟ್ಟು ಓಡು!" ಎಂದು ಕೂಗುತ್ತಾ ವೆಂಡೆಲ್ ನಕ್ಕರು. ಫೆಬ್ರವರಿಯ ನಂತರ ಲಿಲಿಯನ್ ಆ ನಗು ಕೇಳಿರಲಿಲ್ಲ.

ಏಳನೇ ಸುತ್ತಿನ ನಡುವೆ ಎಲ್ಲರೂ ಎದ್ದು ಮೈಮುರಿದು ಹಾಡುವುದು ಆ ಆಟದ ಹಳೆಯ ರೂಢಿ. ವೆಂಡೆಲ್ ಎದ್ದರು. ಬಾಯಿ ತೆರೆದರು, ದನಿ ಹೊರಡಲಿಲ್ಲ.

ಲಿಲಿಯನ್‌ಗೆ ಇಂಗ್ಲಿಷ್ ಹಾಡು ಬಾರದು. ಮದುವೆಮನೆಯಲ್ಲಿ ಹೆಂಗಸರು ಹಾಡುವ ಕೊಂಕಣಿ ಹಾಡೊಂದನ್ನು ಎತ್ತಿಕೊಂಡಳು. ರಾಬರ್ಟ್ ದನಿಗೂಡಿಸಿದ, ಅಬ್ದುಲ್ ಅಜೀಜ್ ಚಪ್ಪಾಳೆಯಲ್ಲಿ ತಾಳ ಹಾಕಿದ. ಹಾಡು ಮುಗಿದಾಗ ವೆಂಡೆಲ್ ಕಣ್ಣೊರೆಸಿಕೊಂಡು, ಒಡೆದ ದನಿಯಲ್ಲೇ ಡೋರಿಸ್ ಹಾಡುತ್ತಿದ್ದ ಹಾಡನ್ನು ಕೊನೆತನಕ ಹಾಡಿದರು.

ಆಮೇಲೆ ನೆರಳಲ್ಲಿ ಕೂತು ಕಲ್ಲಂಗಡಿ ತಿನ್ನುವಾಗ ಅಬ್ದುಲ್ ಅಜೀಜ್ ಹೇಳಿದ: "ಡಿಸೆಂಬರ್ ಹದಿನಾರು ನಮ್ಮ ನ್ಯಾಷನಲ್ ಡೇ. ಆಗ ತಂಪು. ಇನ್ನೊಂದು ಆಟ ಇಡೋಣ, ಇನ್ಶಾ ಅಲ್ಲಾ."

"ಹಾಗಾದರೆ ನೀನು ಎಸೆಯುವುದನ್ನು ಕಲಿಯಬೇಕು," ಎಂದರು ವೆಂಡೆಲ್. "ಶನಿವಾರ ಸಂಜೆ ಬಾ."

ಡಿಸೆಂಬರಿನ ಆಟಕ್ಕೆ ಮುಹರ್ರಕ್‌ನಿಂದ ಅಬ್ದುಲ್ ಅಜೀಜನ ಇಡೀ ಕುಟುಂಬ ಬಂದಿತ್ತು. ಅಂದು ಮೈದಾನದ ಗೆರೆಗಳನ್ನು ವೆಂಡೆಲ್ ತಾವೇ ಸುಣ್ಣದಲ್ಲಿ ಎಳೆದಿದ್ದರು.