ಹಿಂದೆ ಕಟ್ಟಿ ತಂದ ಯೂಟ್

ಗಣಿಗಳ ಭರಾಟೆ ಇಳಿದ 2015ರಲ್ಲಿ ಸತ್ಯಪ್ರಕಾಶರ ಕೆಲಸವೂ ಹೋಯಿತು. ಭೂವಿಜ್ಞಾನಿಯಾಗಿ ಅರ್ಧ ಆಯುಷ್ಯವನ್ನು ಪಶ್ಚಿಮ ಆಸ್ಟ್ರೇಲಿಯಾದ ಕೆಂಪು ಮಣ್ಣಿನಲ್ಲಿ ಕಳೆದವರು. ವಾರಗಟ್ಟಲೆ ಗಣಿ, ನಡುವೆ ನಾಲ್ಕು ದಿನ ಪರ್ತಿನ ಮನೆ. ಬರಬರುತ್ತಾ ತಮ್ಮ ಮನೆಗೆ ತಾವೇ ನೆಂಟರಾಗಿಬಿಟ್ಟಿದ್ದರು. ಹೆಂಡತಿ ನೀಲಮ್ಮ ಜಗಳವಾಡಲಿಲ್ಲ. ಮಗಳು ಪ್ರಕೃತಿಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಾಗ ಅವಳ ಜೊತೆ ಹೋದವರು ತಿರುಗಿ ಬರಲಿಲ್ಲ, ಅಷ್ಟೆ.

ಮನೆ ಮಾರಿ ಸತ್ಯಪ್ರಕಾಶ, ಅಡುಗೆ ಮಲಗುವ ಜಾಗವೆಲ್ಲ ಒಳಗೇ ಇರುವ ಒಂದು ಮೋಟರ್‌ಹೋಮ್ ಕೊಂಡರು. ನೀಲಮ್ಮನನ್ನು ಕೂರಿಸಿಕೊಂಡು ದೇಶ ಸುತ್ತುವ ಆಸೆ. ಫೋನಿನಲ್ಲಿ ಹೇಳಿದಾಗ ಆಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. "ಬರೋದಾದ್ರೆ ನನ್ನ ಯೂಟ್ ತನ್ನಿ" ಎಂದರು.

ಯೂಟ್ ಎಂದರೆ ಅಲ್ಲಿಯವರ ಬಾಯಲ್ಲಿ ಪುಟ್ಟ ಪಿಕಪ್. ಗಂಡ ಗಣಿಯಲ್ಲಿದ್ದ ಕಾಲಕ್ಕೆ ನೀಲಮ್ಮ ನೆರೆಮನೆಯ ಮುದುಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕ್ಲಚ್ಚು ಗೇರುಗಳ ಜೊತೆ ಗುದ್ದಾಡಿ ಡ್ರೈವಿಂಗ್ ಕಲಿತದ್ದು ಅದರಲ್ಲೇ.

ಪರ್ತಿನಲ್ಲೇ ಉಳಿದಿದ್ದ ಅದನ್ನು ಸತ್ಯಪ್ರಕಾಶ ಮೋಟರ್‌ಹೋಮಿನ ಹಿಂದೆ ಕಟ್ಟಿದರು. ಟ್ರೇಲರ್ ಇಲ್ಲ, ನಡುವೆ ಒಂದು ಕಬ್ಬಿಣದ ಚೌಕಟ್ಟು, ಯೂಟಿನ ನಾಲ್ಕೂ ಚಕ್ರ ನೆಲದ ಮೇಲೆ. ಗೇರು ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಸ್ಟಿಯರಿಂಗ್ ಲಾಕ್ ಆಗದಂತೆ ಕೀ ತಿರುಗಿಸಿಟ್ಟಿರಬೇಕು. ಆಮೇಲೆ ಅದು ಕರು ಬಂದಹಾಗೆ ಹಿಂದೆಯೇ ಬರುತ್ತದೆ.

ಮರವೊಂದೂ ಕಾಣದ ಬಯಲಿನಲ್ಲಿ ದಾರಿ ದಿನಗಟ್ಟಲೆ ಸಾಗಿತು. ಒಂದು ತಂಗುದಾಣದಲ್ಲಿ ಬಿಳಿಯ ದಂಪತಿಗಳು ಚಹಾಕ್ಕೆ ಕರೆದರು. "ನಿಮ್ಮ ಹೆಂಡತಿ ಬರಲಿಲ್ವಾ?" ಎಂದು ಆ ಹೆಂಗಸು ಕೇಳಿದಳು.

"ಬ್ರಿಸ್ಬೇನಲ್ಲಿ ಕಾಯ್ತಿದ್ದಾಳೆ" ಎಂದುಬಿಟ್ಟರು. ಉಳಿದ ಚಹಾವನ್ನು ಹಾಗೇ ಬಿಟ್ಟರು. ಬೇಗ ಎದ್ದು ಬಂದರು.

ಅಡಿಲೇಡಿನಲ್ಲಿ ಯೂಟ್ ಬಿಚ್ಚಿಕೊಂಡು ಹೋಗಿ ದಿನಸಿ ತಂದರು. ಮರುದಿನ ಬೆಳಿಗ್ಗೆ ಮತ್ತೆ ಜೋಡಿಸುತ್ತಿದ್ದಾಗ ನೀಲಮ್ಮನ ಫೋನ್ ಬಂತು. ಆಕೆ ತಾನಾಗಿ ಫೋನ್ ಮಾಡುವುದೇ ಅಪರೂಪ.

"ರೀ, ಮುಂಚೇನೇ ಹೇಳ್ಬಿಡ್ತೀನಿ. ಸುತ್ತೋಕೆ ನಾನು ಬರಲ್ಲ. ಇಲ್ಲಿ ಸನ್ನಿಬ್ಯಾಂಕ್ ಬಡಾವಣೇಲಿ ನನ್ನ ಅಂಗಡಿ ಇದೆ, ನನ್ನವರು ಅಂತ ನಾಲ್ಕು ಜನ ಇದ್ದಾರೆ. ಆಸೆ ಇಟ್ಕೊಂಡು ಬರ್ಬೇಡಿ."

"ಯೂಟ್ ತರ್ತಿದೀನಿ" ಎಂದರು ಸತ್ಯಪ್ರಕಾಶ.

ಹ್ಯಾಂಡ್‌ಬ್ರೇಕ್ ಬಿಟ್ಟರು, ಕೀ ತಿರುಗಿಸಿದರು, ಹೊರಟರು. ಯೂಟ್ ಮೊದಲನೇ ಗೇರಿನಲ್ಲೇ ಉಳಿದುಬಿಟ್ಟಿತ್ತು.

ದೊಡ್ಡ ಗಾಡಿಯ ಸದ್ದಿನಲ್ಲಿ ಅವರಿಗೇನೂ ಕೇಳಿಸಲಿಲ್ಲ. ಊರು ದಾಟಿ ಹೆದ್ದಾರಿಯಲ್ಲಿ ವೇಗ ಏರಿದ ಮೇಲೆ ಹಿಂದಿನ ಲಾರಿಯವನು ಒಂದೇ ಸಮನೆ ಹಾರ್ನ್ ಹೊಡೆದ. ಕನ್ನಡಿಯಲ್ಲಿ ಬರೀ ಹೊಗೆ. ಇಳಿದು ನೋಡಿದರೆ ರಸ್ತೆಯುದ್ದಕ್ಕೂ ಎಣ್ಣೆಯ ಗೆರೆ. ಡ್ರೈವರಿಲ್ಲದ ಗಾಡಿಯ ಎಂಜಿನ್ನು ಚಕ್ರಗಳ ಎಳೆತಕ್ಕೆ ಹುಚ್ಚೆದ್ದು ತಿರುಗಿ ಒಡೆದುಹೋಗಿತ್ತು.

ಅವರು ರಸ್ತೆಯಂಚಿನಲ್ಲೇ ಕುಳಿತು ಅತ್ತರು. ಕೆಲಸ ಹೋದಾಗಲೂ ಅತ್ತಿರಲಿಲ್ಲ.

ಗುಜರಿಗೆ ಹಾಕುವುದೇ ವಾಸಿ ಎಂದ ಮೆಕ್ಯಾನಿಕ್. ಸತ್ಯಪ್ರಕಾಶ ಒಪ್ಪಲಿಲ್ಲ. ಎಂಜಿನ್ ಸತ್ತರೂ ಚಕ್ರಗಳು ಉರುಳುತ್ತವಲ್ಲ. ಗೇರು ನ್ಯೂಟ್ರಲ್‌ಗೆ ತಂದು, ಎಣ್ಣೆ ಒರೆಸಿ, ಮತ್ತೆ ಕಟ್ಟಿಕೊಂಡು ಹೊರಟರು.

ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯ ಮನೆಯೆದುರು ನಿಲ್ಲಿಸಿದಾಗ ಪ್ರಕೃತಿ ಓಡಿಬಂದು ಅಪ್ಪಿಕೊಂಡಳು. ಬಾನೆಟ್ ತೆರೆದದ್ದೇ, "ಡ್ಯಾಡ್, ಇಟ್ಸ್ ಡೆಡ್! ಇದನ್ನ ಅಷ್ಟು ದೂರದಿಂದ ಎಳ್ಕೊಂಡು ಬಂದ್ರಾ?" ಎಂದಳು.

ನೀಲಮ್ಮ ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದರು. "ಗೇರ್ ತೆಗೆದಿರ್ಲಿಲ್ವಾ?"

"ಮರೆತುಹೋಯ್ತು."

"ನಾನು ಫೋನ್ ಮಾಡಿದ್ನಲ್ಲ, ಆವತ್ತಾ?"

ಸತ್ಯಪ್ರಕಾಶ ಬಾನೆಟ್ ಮುಚ್ಚಿದರು.

ಅವರು ಹತ್ತಿರದಲ್ಲಿ, ಇಂಥ ಗಾಡಿಗಳು ತಂಗುವ ಕ್ಯಾರವಾನ್ ಪಾರ್ಕಿನಲ್ಲಿ ಬಿಡಾರ ಹೂಡಿದರು. ಹಳೆಯದೊಂದು ಎಂಜಿನ್ ಹುಡುಕಿ ತಂದು, ಗ್ಯಾರೇಜಿನವನ ಸಹಾಯದಿಂದ ನೀಲಮ್ಮನ ಮನೆಯಂಗಳದಲ್ಲೇ ಕೂರಿಸಿದರು. ದಿನಾ ಬೆಳಿಗ್ಗೆ ಬರುವ ಹೊತ್ತಿಗೆ ನೀಲಮ್ಮ ಅಂಗಡಿಗೆ ಹೋಗಿರುತ್ತಿದ್ದರು. ಕಿಟಕಿಯ ಬಳಿ ಫ್ಲಾಸ್ಕಿನಲ್ಲಿ ಕಾಫಿ ಇರುತ್ತಿತ್ತು. ಅದನ್ನು ಕುಡಿದು, ತೊಳೆದಿಟ್ಟು, ಕೆಲಸ ಮಾಡಿ ಹೋಗುತ್ತಿದ್ದರು.

ಎಂಜಿನ್ ಚಾಲೂ ಆದದ್ದು ಒಂದು ಭಾನುವಾರ. ನೀಲಮ್ಮ ಬಂದು ಡ್ರೈವರ್ ಸೀಟಿನಲ್ಲಿ ಕುಳಿತರು. ಒಬ್ಬರೇ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದು, ಎಂಜಿನ್ ಆರಿಸದೆ ಪಕ್ಕದ ಬಾಗಿಲು ತೆರೆದರು.

"ಹತ್ತಿ. ಅಂಗಡಿಗೆ ಅಕ್ಕಿ ಮೂಟೆ ತರ್ಬೇಕು, ನನ್ನ ಕೈಲಿ ಎತ್ತೋಕಾಗಲ್ಲ."

ಆಕೆ ಓಡಿಸುವುದನ್ನು ಸತ್ಯಪ್ರಕಾಶ ಅದುವರೆಗೆ ನೋಡಿಯೇ ಇರಲಿಲ್ಲ. ಸಲೀಸಾಗಿ ಗೇರು ಬದಲಿಸುತ್ತಿದ್ದ ಆ ಕೈಯನ್ನು ನೋಡುತ್ತಾ ಕುಳಿತರು. ಮೂಟೆಗಳನ್ನು ಇಳಿಸಿಕೊಟ್ಟರು. ನೀಲಮ್ಮ ಅವರನ್ನು ಕ್ಯಾರವಾನ್ ಪಾರ್ಕಿನ ಗೇಟಿನವರೆಗೆ ತಂದು ಬಿಟ್ಟು, "ಮುಂದಿನ ಭಾನುವಾರಾನೂ ಲೋಡ್ ಇರುತ್ತೆ" ಎಂದು ಹೇಳಿ ಹೊರಟರು.

ಯೂಟ್ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಒಳಗೆ ಹೋಗಿ ಒಬ್ಬರಿಗಾಗುವಷ್ಟು ಅನ್ನಕ್ಕಿಟ್ಟರು.